ಬಣ್ಣ ಬಾರದ ನೀರು

ಗಲ್ಫಿನಲ್ಲಿ 11 ವರ್ಷ ನಾನು ಈಜುಕೊಳದ ನೀರು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಉಮ್ಮ ನೆಂಟರಿಗೆಲ್ಲ "ಮಗ ಸ್ವಿಮ್ಮಿಂಗ್ ಪೂಲಿನಲ್ಲಿದ್ದಾನೆ" ಎನ್ನುತ್ತಿದ್ದರು. ಅಲ್ಲಿ ಏನು ಮಾಡುತ್ತೇನೆಂದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಕೆಲಸ ಹೀಗಿತ್ತು. ದಿನಕ್ಕೆ ಮೂರು ಸಲ, ಮೊಣಕೈ ಮುಳುಗುವಷ್ಟು ಆಳದಿಂದ ನೀರು ತೆಗೆಯಬೇಕು. ಗಾಜಿನ ಕೊಳವೆಗೆ ತುಂಬಿ ಡಿಪಿಡಿ ಮಾತ್ರೆ ಹಾಕಿದರೆ, ಕ್ಲೋರಿನ್ ಇದ್ದಷ್ಟು ಗುಲಾಬಿ ಬಣ್ಣ ಬರುತ್ತದೆ. ಲೀಟರಿಗೆ 1ರಿಂದ 3 ಮಿಲಿಗ್ರಾಂ ಇರಬೇಕು. ಪಿಎಚ್ 7.2ರಿಂದ 7.8ರೊಳಗಿರಬೇಕು, ಅದು ಏರಿದರೆ ಕ್ಲೋರಿನ್ ಇದ್ದೂ ಅದರ ಬಲ ಕುಗ್ಗುತ್ತದೆ. ಮೂಗಿಗೆ ಹೊಡೆಯುವ ವಾಸನೆ ಬಂದರೆ ನೀರು ಶುದ್ಧವೆಂದು ನಾವು ತಿಳಿಯುತ್ತೇವೆ. ಅದು ಬೆವರು, ಮೂತ್ರದೊಂದಿಗೆ ಕ್ಲೋರಿನ್ ಸೇರಿ ಹುಟ್ಟುವ ವಾಸನೆ.

ಒಮ್ಮೆ ರಂಝಾನಿನ ಮಧ್ಯಾಹ್ನ, ಸುಸ್ತಾಗಿ, ನೀರು ತೆಗೆಯದೆಯೇ ಪುಸ್ತಕದಲ್ಲಿ ಬೆಳಗ್ಗಿನ '2'ನ್ನೇ ಬರೆದೆ. ಏನೂ ಆಗಲಿಲ್ಲ. ನಾಳೆಯೂ ಹೀಗೇ ಬರೆಯಬಹುದಲ್ಲ ಎಂದು ಅನಿಸಿದಾಗ ಹೆದರಿಕೆಯಾಯಿತು.

ಈಗ ಊರಲ್ಲೇ ಇದ್ದೇನೆ. 2025ರಲ್ಲಿ ಕೇರಳದಲ್ಲಿ ಅಮೀಬಾ ಮಿದುಳು ಜ್ವರದ ಸುದ್ದಿ ಒಂದರ ಮೇಲೊಂದು ಬರುತ್ತಿತ್ತು. ನನ್ನ ಮಗ ಗೆಳೆಯರ ಜೊತೆ, ಗಂಟೆಗಿಷ್ಟೆಂದು ಹಣ ಕೊಟ್ಟು ಈಜುವ ಕೊಳಕ್ಕೆ ಹೋಗುತ್ತಿದ್ದ. ಹಳೆಯ ಕಿಟ್ ಹಿಡಿದು ನಾನೂ ಹೋದೆ. ನೀರು ಕನ್ನಡಿಯ ಹಾಗಿತ್ತು. ಮಾತ್ರೆ ಕರಗಿತು, ಬಣ್ಣ ಬರಲಿಲ್ಲ. ಕ್ಲೋರಿನ್ ವಿಪರೀತವಾದರೂ ಬಣ್ಣ ಮಾಯವಾಗುವುದುಂಟು. ಹಾಗಾಗಿ ಬಾಟಲಿಯ ನೀರು ಬೆರೆಸಿ ಮತ್ತೆ ನೋಡಿದೆ. ಆಗಲೂ ಇಲ್ಲ.

"ಇಚ್ಚಾ, ನೀರು ಕ್ಲೀನ್ ಉಂಟಲ್ಲ, ತಳ ಕಾಣ್ತದೆ" ಎಂದ ಅಲ್ಲಿನ ಹುಡುಗ. ಗೋಡೆಯ ಪಟ್ಟಿಯಲ್ಲಿ ಅವತ್ತಿನ ಅಂಕಿ 2 ಎಂದಿತ್ತು. ಜಗಳವಾಡಲು ನನಗೆ ಬಾಯಿ ಬರಲಿಲ್ಲ. ಅಂಥದೇ 2 ನಾನೂ ಬರೆದವ. ಕೊಳವೆಯನ್ನು ಅವನ ಕೈಗೆ ಕೊಟ್ಟು, "ನೀನೇ ನೋಡು" ಎಂದೆ. ಮಕ್ಕಳನ್ನೆಲ್ಲ ಮೇಲೆ ಹತ್ತಿಸಿದೆ. ಮಗ ಮೂರು ದಿನ ನನ್ನೊಡನೆ ಮಾತಾಡಲಿಲ್ಲ.

ನೇಗ್ಲೇರಿಯಾ ಎಂಬ ಆ ಅಮೀಬಾ ನೀರು ಕುಡಿದರೆ ಬಾಧಿಸುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಮೂಗಿನೊಳಗೆ ಹೋದ ನೀರಿನಿಂದ ಮಿದುಳಿಗೆ ಏರುತ್ತದೆ. ಅಂದು ಇಶಾಗೆ ಪಳ್ಳಿಯ ಹೌಲಿನಲ್ಲಿ ವುಝೂ ಮಾಡುವಾಗ, ಮೂಗಿಗೆ ನೀರೇರಿಸುವ ಹೊತ್ತಿಗೆ ನನ್ನ ಕೈ ನಿಂತಿತು.

ಮರುದಿನ ಕಮಿಟಿಯವರಲ್ಲಿ ಹೇಳಿದೆ. "ನಮ್ಮ ಅಜ್ಜಂದಿರೂ ಇದರಲ್ಲೇ ವುಝೂ ಮಾಡಿದ್ದು, ಯಾರಿಗೇನಾಯಿತು?" ಎಂದರು ಹಿರಿಯರೊಬ್ಬರು. ನನ್ನ ರಂಝಾನಿನ ಕಥೆಯನ್ನು ಮೊದಲ ಬಾರಿ ಅವರ ಮುಂದೆ ಹೇಳಿದೆ. ಉಸ್ತಾದರು, "ಒಮ್ಮೆ ನೋಡಿಬಿಡೋಣ" ಎಂದರು.

ಅಲ್ಲೂ ಬಣ್ಣ ಬರಲಿಲ್ಲ. ಹೌಲ್ ಬರಿದು ಮಾಡಿ, ಪಾಚಿ ಉಜ್ಜಿ, ಹೊಸ ನೀರು ತುಂಬಿ, 1000 ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ ಬ್ಲೀಚಿಂಗ್ ಪೌಡರಿನ ತಿಳಿ ಹಾಕಿದೆವು. ಒಂದು ಗಂಟೆ ಬಿಟ್ಟು ಪರೀಕ್ಷಿಸಿದಾಗ ತೆಳು ಗುಲಾಬಿ ಬಂತು. ಆಕ್ಷೇಪಿಸಿದ ಹಿರಿಯರೇ ಕನ್ನಡಕ ಏರಿಸಿ, ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರು.

ಕಳೆದ ವಾರ ಆ ಕೊಳದ ಹುಡುಗ ಫೋನ್ ಮಾಡಿದ್ದ: "ಇಚ್ಚಾ, ಆ ಮಾತ್ರೆ ಎಲ್ಲಿ ಸಿಗ್ತದೆ?"