ಹೈಡ್ ಪಾರ್ಕಿನಲ್ಲಿ ನಾಲ್ಕು ಕಾಲಿನ ಕಿವಿ

ಲಂಡನ್ ಮಹಾನಗರದ ನಟ್ಟನಡುವೆ ಸುಮಾರು 350 ಎಕರೆಗಳಷ್ಟು ಹಸಿರು ಹರಡಿಕೊಂಡಿರುವ ತಾಣ ಹೈಡ್ ಪಾರ್ಕ್. 1536ರಲ್ಲಿ ದೊರೆ ಎಂಟನೆಯ ಹೆನ್ರಿ ಜಿಂಕೆ ಬೇಟೆಗೆಂದು ವಶಪಡಿಸಿಕೊಂಡ ಈ ನೆಲ, 1637ರಲ್ಲಿ ಜನಸಾಮಾನ್ಯರಿಗೆ ತೆರೆಯಿತು. 1730ರ ಸುಮಾರಿಗೆ ರಾಣಿ ಕ್ಯಾರೊಲಿನ್ ವೆಸ್ಟ್‌ಬೋರ್ನ್ ಎಂಬ ಹೊಳೆಗೆ ಅಡ್ಡಗಟ್ಟೆ ಹಾಕಿಸಿದಳು. ಹಾಗೆ ಹುಟ್ಟಿದ್ದೇ ಇಲ್ಲಿನ ಸರ್ಪೆಂಟೈನ್ ಕೆರೆ.

ನೋಡುವವರಿಗೆ ಇದು ಪ್ರಶಾಂತ ಉದ್ಯಾನ. ಆದರೆ ಕಿವಿಗೊಟ್ಟರೆ ಎಷ್ಟೊಂದು ಸದ್ದು! ಬೆನ್ನ ಹಿಂದಿನಿಂದ ಸೈಕಲ್ ಗಂಟೆ, ರಾಟನ್ ರೋ ಎಂಬ ಹಳೆಯ ಹಾದಿಯಲ್ಲಿ ಕುದುರೆಗಳ ಗೊರಸಿನ ಸದ್ದು, ಓಡುವವರ ಹೆಜ್ಜೆ, ಮಕ್ಕಳ ಕೂಗು. ಇವುಗಳಿಂದಲೇ ನಾವು ಹಿಂತಿರುಗಿ ನೋಡದೆಯೂ ಪಕ್ಕಕ್ಕೆ ಸರಿಯುತ್ತೇವೆ. ಕಿವಿ ಕೇಳದವರ ಪಾಡೇನು?

ಅಂಥವರ ಜೊತೆಗಾರನಾಗಿ ಲಂಡನ್ನಿನ ಉದ್ಯಾನಗಳಲ್ಲಿ ಕಾಣಸಿಗುವುದು ಕಾಕರ್ ಸ್ಪೇನಿಯಲ್ ಜಾತಿಯ ನಾಯಿ. ಜೋಲುಕಿವಿ, ರೇಷ್ಮೆಯಂಥ ಕೂದಲು, ಎತ್ತರ ಸುಮಾರು 40 ಸೆಂಟಿಮೀಟರ್, ತೂಕ 13-14 ಕಿಲೋಗ್ರಾಂ. ಮೈಮೇಲೆ ಕಡುಗೆಂಪು ಬಣ್ಣದ ಪುಟ್ಟ ಕೋಟು. ಇದು ಬ್ರಿಟನ್ನಿನಲ್ಲಿ 1982ರಲ್ಲಿ ಆರಂಭವಾದ ‘ಹಿಯರಿಂಗ್ ಡಾಗ್ಸ್ ಫಾರ್ ಡೆಫ್ ಪೀಪಲ್’ ಸಂಸ್ಥೆಯ ಸಮವಸ್ತ್ರ.

ಮನುಷ್ಯನ ಕಿವಿಗೆ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಶಬ್ದ ಕೇಳಿಸುತ್ತದೆ. ನಾಯಿಗಾದರೋ ಸುಮಾರು 45,000ದವರೆಗೆ. ಆದರೆ ಸ್ವಾರಸ್ಯ ಇರುವುದು ಇಲ್ಲಲ್ಲ. ಸೈಕಲ್ ಗಂಟೆಯನ್ನು ಯಾವ ನಾಯಿಯಾದರೂ ಕೇಳಬಲ್ಲುದು. ಕೇಳಿದ್ದನ್ನು ಯಜಮಾನನಿಗೆ ತಿಳಿಸಬೇಕೆಂಬುದೇ ಕಲಿಕೆಯ ಫಲ. ಬಾಗಿಲ ಗಂಟೆ, ಅಲಾರಂ ಗಡಿಯಾರ, ಮಗುವಿನ ಅಳು ಇವೆಲ್ಲವನ್ನೂ ಗುರುತಿಸಲು ಅದು ಕಲಿಯುತ್ತದೆ. ಸದ್ದು ಕೇಳಿದೊಡನೆ ಮುಂಗಾಲಿನಿಂದಲೋ ಮೂತಿಯಿಂದಲೋ ಯಜಮಾನನನ್ನು ಮುಟ್ಟುತ್ತದೆ. ‘ಏನು?’ ಎಂದು ಅವರು ಕೈಸನ್ನೆ ಮಾಡಿದರೆ ಸದ್ದಿನ ಕಡೆಗೆ ಕರೆದೊಯ್ಯುತ್ತದೆ. ಬೆಂಕಿಯ ಎಚ್ಚರಿಕೆ ಗಂಟೆಯಾದರೆ ಮಾತ್ರ ಕರೆದೊಯ್ಯದೆ ನೆಲಕ್ಕೆ ಮಲಗಿಬಿಡುತ್ತದೆ. ಅಪಾಯದತ್ತ ಹೋಗಬಾರದೆಂಬ ಸೂಚನೆ ಅದು! ಕಲಿಸುವುದು ಹೊಡೆತದಿಂದಲ್ಲ, ಸರಿಯಾಗಿ ಮಾಡಿದಾಗಲೆಲ್ಲ ತಿನಿಸು, ಆಟಿಕೆ, ಮೆಚ್ಚುಗೆ.

ಉದ್ಯಾನದಲ್ಲಿ ಕೆಲಸ ಇನ್ನೂ ಸೂಕ್ಷ್ಮ. ನಾಯಿ ತಲೆ ಹೊರಳಿಸಿದರೆ ಸಾಕು, ಹಿಂದೆ ಏನೋ ಬರುತ್ತಿದೆ ಎಂದು ಯಜಮಾನ ತಿಳಿಯುತ್ತಾನೆ. ಕಾಕರ್ ಎಂಬ ಹೆಸರು ಬಂದದ್ದೇ ವುಡ್‌ಕಾಕ್ ಎಂಬ ಹಕ್ಕಿಯ ಬೇಟೆಯಿಂದ. ಪೊದೆಯೊಳಗಿನ ಹಕ್ಕಿಯನ್ನು ಎಬ್ಬಿಸುವುದು ಇದರ ರಕ್ತಗತ ಗುಣ. ಸರ್ಪೆಂಟೈನ್ ದಂಡೆಯಲ್ಲೋ ಬಾತು, ಹಂಸ, ಅಳಿಲುಗಳ ಸಂತೆ. ಅವುಗಳ ನಡುವೆ ಮನಸ್ಸು ಕದಲಿಸದೆ ನಡೆಯುವುದು ಕೋಟು ತೊಟ್ಟ ನಾಯಿಗೆ ನಿತ್ಯದ ಪರೀಕ್ಷೆಯೇ ಸರಿ.

ಕುರುಡುತನ ಬಿಳಿ ಕೋಲಿನಿಂದ ತಿಳಿಯುತ್ತದೆ. ಕಿವುಡುತನ ಹೊರಗೆ ಕಾಣದು. ಕರೆದರೆ ತಿರುಗದವರನ್ನು ಜನ ಸೊಕ್ಕಿನವರೆಂದು ಬಗೆಯುತ್ತಾರೆ. ಇದರಿಂದ ಮನನೊಂದು ಮನೆಯಿಂದ ಹೊರಬರುವುದನ್ನೇ ಬಿಟ್ಟವರುಂಟು. ಕಡುಗೆಂಪು ಕೋಟು ಈ ತಪ್ಪು ತಿಳಿವಳಿಕೆಯನ್ನು ಸದ್ದಿಲ್ಲದೆ ಅಳಿಸುತ್ತದೆ. ಜನ ಎದುರಿಗೆ ಬಂದು, ಮುಖ ಕಾಣುವಂತೆ ನಿಧಾನವಾಗಿ ಮಾತನಾಡುತ್ತಾರೆ. ಬ್ರಿಟನ್ನಿನ 2010ರ ಸಮಾನತೆ ಕಾಯಿದೆಯ ಪ್ರಕಾರ ಇಂಥ ನಾಯಿಯ ನೆಪವೊಡ್ಡಿ ಯಜಮಾನನಿಗೆ ಅಂಗಡಿ, ಹೋಟೆಲುಗಳು ಪ್ರವೇಶ ನಿರಾಕರಿಸುವಂತಿಲ್ಲ. ಟ್ಯಾಕ್ಸಿಯವರು ಹೆಚ್ಚು ಹಣ ಕೇಳುವಂತಿಲ್ಲ.

ದಾರಿಹೋಕರು ಪಾಲಿಸಬೇಕಾದ ಶಿಷ್ಟಾಚಾರವೂ ಉಂಟು. ಕೆಲಸದಲ್ಲಿರುವ ನಾಯಿ ಎಷ್ಟೇ ಮುದ್ದಾಗಿರಲಿ, ಕೇಳದೆ ಸವರಬಾರದು, ತಿಂಡಿ ಎಸೆಯಬಾರದು. ಅದರ ಗಮನ ಒಂದು ಗಳಿಗೆ ತಪ್ಪಿದರೆ, ಆ ಗಳಿಗೆ ಒಬ್ಬ ಮನುಷ್ಯ ಕಿವಿ ಕಳೆದುಕೊಂಡಂತೆ. ಮಕ್ಕಳಿಗೆ ಹಿರಿಯರು ಮೊದಲು ಹೇಳಿಕೊಡಬೇಕಾದ ಪಾಠ ಇದು.

ಹಾಗೆಂದು ಈ ನಾಯಿಯ ಬದುಕು ಬರೀ ದುಡಿಮೆಯಲ್ಲ. ಬಯಲಿಗೆ ಬಂದು ಕೋಟು ಬಿಚ್ಚಿದರೆ ಅದಕ್ಕೆ ಬಿಡುವು. ಆಗ ಅದು ಹುಲ್ಲಿನಲ್ಲಿ ಹೊರಳುತ್ತದೆ, ಚೆಂಡಿನ ಹಿಂದೆ ಓಡುತ್ತದೆ. ಕೋಟು ಮತ್ತೆ ಮೈಗೇರಿದರೆ ಅದೇ ತುಂಟ ನಾಯಿ ಯಜಮಾನನ ಪಕ್ಕದಲ್ಲಿ ಹೆಜ್ಜೆಗೆ ಹೆಜ್ಜೆ ಹಾಕುತ್ತದೆ.