ಮೂರು ಬೆರಳಿನ ಅಳತೆ

ಮಳೆ ಹಿಡಿದ ರಾತ್ರಿ ಬಚ್ಚಲ ಒಲೆಗೆ ಕಾಫಿ ಬೊಡ್ಡೆ ತುರುಕಿ ಕೂತರೆ ನಮ್ಮನೆಯಲ್ಲಿ ದೊಡ್ಡಪ್ಪನ ಮಾತು ಬಂದೇ ಬರುತ್ತದೆ. ಸಕಲೇಶಪುರದಿಂದ ಆಚೆ, ಹಾನುಬಾಳಿನ ಕಡೆಯ ತೋಟವೊಂದರಲ್ಲಿ ಅವರು ಮೂವತ್ತು ವರ್ಷ ಮೇಸ್ತ್ರಿ. ಬೋರರ್ ಹುಳ ಬಿದ್ದ ಅರೇಬಿಕಾ ಗಿಡ ಹುಡುಕುವುದರಲ್ಲಿ ಅವರ ಕಣ್ಣು ತಪ್ಪುತ್ತಿರಲಿಲ್ಲ. ಎಲೆ ಹಳದಿಗೆ ತಿರುಗಿದ್ದು ಕಂಡರೆ ಬಗ್ಗಿ ಕಾಂಡದ ಮೇಲೆ ಹೆಬ್ಬೆರಳು ಆಡಿಸುವರು. ಹುಳ ಕೊರೆದ ಕಡೆ ತೊಗಟೆ ಏಣಾಗಿ ಉಬ್ಬಿರುತ್ತದೆ. ಅದು ಎಲ್ಲಿವರೆಗೆ ಇಳಿದಿದೆ ನೋಡಿ, ಅದಕ್ಕಿಂತ ಕೆಳಗೆ ಕಡಿದರೆ ಬುಡ ಚಿಗುರುತ್ತದೆ. ಬೇರಿಗೇ ಇಳಿದಿದ್ದರೆ ಗಿಡ ಕಿತ್ತು ಸುಡಬೇಕು.

ಇಂಥ ಕಣ್ಣಿನ ಮನುಷ್ಯ ತನ್ನ ಎಡಗೆನ್ನೆಯ ಒಳಗಿನ ಹುಣ್ಣನ್ನು ಐದು ತಿಂಗಳು ಲೆಕ್ಕಕ್ಕೇ ಇಡಲಿಲ್ಲ. ಎಲೆ, ಅಡಿಕೆ, ಹೊಗೆಸೊಪ್ಪು ದಿನವಿಡೀ ಇರುತ್ತಿದ್ದದ್ದು ಅದೇ ಕೆನ್ನೆಯಲ್ಲಿ. ಸುಣ್ಣ ಜಾಸ್ತಿಯಾಗಿ ಸುಟ್ಟಿರಬೇಕು ಅಂದುಕೊಂಡರು. 2015ರ ಮಳೆಗಾಲದಲ್ಲಿ ಕಡುಬು ಬಾಯಿಗೆ ಹಿಡಿಸದೆ ಗಂಜಿಗೆ ಇಳಿದಾಗ ದೊಡ್ಡಮ್ಮ ಹೆದರಿ ಹೇಳಿಕಳಿಸಿದರು. ಪೇಟೆಯ ಡಾಕ್ಟರೊಬ್ಬರು ಟಾರ್ಚ್ ಬಿಟ್ಟು ನೋಡಿ, “ಆಪರೇಷನ್ ಮಾಡೋ ಹಂತ ದಾಟಿದೆ, ಮನೇಲೇ ಚೆನ್ನಾಗಿ ನೋಡ್ಕೊಳ್ಳಿ” ಅಂದುಬಿಟ್ಟರು. ಸ್ಕ್ಯಾನಿಲ್ಲ, ಮಾಂಸದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೂ ಇಲ್ಲ. ಆ ಒಂದು ನಿಮಿಷದ ತೀರ್ಪು ಇವತ್ತಿಗೂ ನನ್ನ ಹೊಟ್ಟೆ ಉರಿಸುತ್ತದೆ.

ಸೆಪ್ಟೆಂಬರಿನಲ್ಲಿ ರಾತ್ರಿ ಬಸ್ಸು ಹತ್ತಿಸಿ ಬೆಂಗಳೂರಿನ ಕಿದ್ವಾಯಿಗೆ ಕರಕೊಂಡು ಹೋದೆ. 1973ರಿಂದ ನಾಡಿನ ಮೂಲೆಮೂಲೆಯವರು ಕ್ಯಾನ್ಸರ್ ಎಂದರೆ ಹುಡುಕಿಕೊಂಡು ಬರುವ ಸರ್ಕಾರಿ ಆಸ್ಪತ್ರೆ ಅದು. ಸರದಿ ಬಂದಾಗ ಡಾಕ್ಟರು ಮೊದಲು ಟಾರ್ಚನ್ನೇ ತೆಗೆಯಲಿಲ್ಲ. “ಯಜಮಾನ್ರೇ, ನಿಮ್ಮದೇ ಮೂರು ಬೆರಳು ಜೋಡಿಸಿ ನೆಟ್ಟಗೆ ಹಲ್ಲಿನ ಮಧ್ಯೆ ಇಡಿ” ಅಂದರು. ಕಾಫಿ ಕರೆ ಹತ್ತಿ ಕಪ್ಪಾದ ತೋರುಬೆರಳು ಒಳಗೆ ಹೋಯಿತು. ಎರಡನೆಯದು ಉಗುರಿನ ಹತ್ತಿರವೇ ತಡೆಯಿತು. ದೊಡ್ಡಪ್ಪ ಇನ್ನೂ ತುರುಕಲು ನೋಡಿದರು, ಕಣ್ಣಲ್ಲಿ ನೀರು ಬಂತು. ಡಾಕ್ಟರು ಅವರ ಕೈ ಹಿಡಿದು ಮೆಲ್ಲಗೆ ಕೆಳಗಿಳಿಸಿ, ಕುತ್ತಿಗೆಯ ಎರಡೂ ಬದಿ ಗಂಟು ತಡಕಿದರು.

ಸಿ.ಟಿ. ಫಿಲ್ಮನ್ನು ಬೆಳಕಿಗೆ ಹಿಡಿದು ಅವರು ಬಿಡಿಸಿ ಹೇಳಿದ್ದು ನನಗೆ ಇನ್ನೂ ನೆನಪಿದೆ. ಗಡ್ಡೆ ದವಡೆ ಮೂಳೆಗೆ ಹತ್ತಿದ್ದರೆ ಹೆದರಬೇಕಿಲ್ಲ, ಆ ಮೂಳೆಯನ್ನೂ ಸೇರಿಸಿ ತೆಗೆಯಬಹುದು. ಕುತ್ತಿಗೆಯ ಗಂಟುಗಳನ್ನೂ ತೆಗೆಯಬಹುದು. ಬಾಯಿ ತೆರೆಯದಿರುವುದೇ ಚಿಂತೆ, ಯಾಕೆಂದರೆ ರೋಗ ಅಗಿಯುವ ಸ್ನಾಯುಗಳಿಗೆ ಹೊಕ್ಕಿದೆ. ಅಲ್ಲಿಂದ ಮೇಲಕ್ಕೇರಿ ತಲೆಬುರುಡೆಯ ತಳ ಮುಟ್ಟಿದರೆ, ಇಲ್ಲವೇ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳವನ್ನು ಸುತ್ತಿಕೊಂಡರೆ, ಕತ್ತಿ ಹಾಕಿ ಪ್ರಯೋಜನವಿಲ್ಲ. ಗಡ್ಡೆಯ ಸುತ್ತ ಸುಮಾರು ಒಂದು ಸೆಂಟಿಮೀಟರಿನಷ್ಟು ಒಳ್ಳೆಯ ಮಾಂಸ ಸೇರಿಸಿ ತೆಗೆಯಲಾಗದಿದ್ದರೆ ಅದು ಮತ್ತೆ ಬರುತ್ತದೆ. ಶ್ವಾಸಕೋಶಕ್ಕೆ ಹರಡಿದೆಯಾ, ಹೃದಯ ಅರಿವಳಿಕೆ ತಡೆಯುತ್ತದಾ ಎಂದೂ ನೋಡಿದರು.

ಹೊರಗೆ ಬೆಂಚಿನ ಮೇಲೆ ಕಾಯುವಾಗ ದೊಡ್ಡಪ್ಪ ಅಂದರು: “ಕಾಂಡದಲ್ಲಿದೆಯೋ ಬೇರಿಗೆ ಇಳಿದದೋ ನೋಡ್ತಾವ್ರೆ, ಅಲ್ವಾ ಮಗ?” ನನಗೆ ಉತ್ತರ ಹೊರಡಲಿಲ್ಲ.

ಸರ್ಜರಿ, ರೇಡಿಯೇಷನ್, ಕೀಮೋ ವಿಭಾಗದವರು ಒಟ್ಟಿಗೆ ಕೂತು ಹೇಳಿದ್ದು: ಈಗಲೇ ಬೇಡ. ಎರಡು ಸುತ್ತು ಕೀಮೋ ಕೊಟ್ಟು, ಮತ್ತೆ ಸ್ಕ್ಯಾನ್ ಮಾಡಿ ನೋಡೋಣ. ಇದು ಸಮಾಧಾನಕ್ಕೆ ಹೇಳಿದ ಮಾತಲ್ಲ ಅಂತ ಆಮೇಲೆ ಓದಿ ತಿಳಿದೆ. ಮುಂಬೈನ ಟಾಟಾ ಆಸ್ಪತ್ರೆಯ ವೈದ್ಯರು 2014ರಲ್ಲಿ ಇಂಥ 721 ರೋಗಿಗಳ ಲೆಕ್ಕ ಪ್ರಕಟಿಸಿದ್ದರು. ಆ ಸ್ಥಿತಿಯಲ್ಲಿ ತೆಗೆಯಲಾಗದು ಅನ್ನಿಸಿದ್ದ ಬಾಯಿ ಕ್ಯಾನ್ಸರುಗಳವು. ಮೊದಲು ಕೀಮೋ ಕೊಟ್ಟಾಗ ಅವರಲ್ಲಿ ನೂರಕ್ಕೆ 43 ಮಂದಿಯ ಗಡ್ಡೆ ಆಪರೇಷನ್ನಿಗೆ ಬರುವಷ್ಟು ಕುಗ್ಗಿತ್ತು. ಉಳಿದವರದು ಅಷ್ಟು ಕುಗ್ಗಲಿಲ್ಲ. ನಮ್ಮ ಪಕ್ಕದ ಬೆಂಚಿನಲ್ಲಿದ್ದ ಆಲೂರು ಕಡೆಯ ಒಬ್ಬರಿಗೂ ಎರಡನೇ ಸ್ಕ್ಯಾನಿನ ನಂತರ “ಇಲ್ಲ” ಅಂದರು. ನೋವಿಗೆ ಔಷಧಿ ಬರೆದುಕೊಟ್ಟು, ಡಾಕ್ಟರು ಅವರ ಮಗನ ಜೊತೆ ಬಹಳ ಹೊತ್ತು ಕೂತು ಮಾತಾಡಿದರು. ಸುಳ್ಳು ಆಸೆ ಹುಟ್ಟಿಸಲಿಲ್ಲ. ಎಲ್ಲ ನೋಡಿ ಹೇಳುವ ‘ಇಲ್ಲ’ಕ್ಕೂ ನೋಡದೆ ಹೇಳುವ ‘ಇಲ್ಲ’ಕ್ಕೂ ಎಷ್ಟು ಅಂತರವಿದೆ ಅಂತ ನನಗೆ ಗೊತ್ತಾದದ್ದು ಅವತ್ತು.

ದೊಡ್ಡಪ್ಪನದು ಕುಗ್ಗಿತ್ತು. ತೋಟದಲ್ಲಿ ಹಣ್ಣು ಕುಯ್ಲು ನಡೆಯುತ್ತಿದ್ದ ಡಿಸೆಂಬರಿನಲ್ಲಿ ಎಡದವಡೆಯ ಭಾಗ ತೆಗೆದು, ಎದೆಯ ಮಾಂಸ ತಂದು ಕೆನ್ನೆ ಮುಚ್ಚಿದರು. ಆಮೇಲೆ ರೇಡಿಯೇಷನ್. ಮುಖ ಒಂದು ಕಡೆ ಕುಸಿಯಿತು, ಮಾತು ತೊದಲಿತು. ಮುಂದೆ ಏಳು ಮಳೆಗಾಲ ಇದೇ ಒಲೆಯ ಮುಂದೆ ಕೂತು ಮೆತ್ತಗಿನ ಅನ್ನ ಉಂಡರು.

ಬಾಯಿಯ ಹುಣ್ಣು ಮೂರು ವಾರ ಕಳೆದರೂ ಮಾಯದಿದ್ದರೆ ತೋರಿಸಿ. ನಿಮ್ಮ ಮನೆಯಲ್ಲಿ ಎಲೆ ಅಡಿಕೆ ಹಾಕುವವರಿದ್ದರೆ ಇವತ್ತೇ ಕೂರಿಸಿ, ಅವರ ಮೂರು ಬೆರಳು ಅವರ ಬಾಯಿಗೆ ನೆಟ್ಟಗೆ ಹೋಗುತ್ತವೆಯಾ ನೋಡಿ.