ಗೊಂದಲದ ಮುಖಕ್ಕೊಂದು ಅಡಿಬರಹ

ಕಳೆದ ಬೇಸಿಗೆ ರಜೆಯಲ್ಲಿ ಮನೆಗೆ ಬಂದಿದ್ದ ಮೊಮ್ಮಗಳು ಒಂದು ಸಂಜೆ ತನ್ನ ತಾಯಿಯ ಮೊಬೈಲನ್ನು ತಂದು ನನ್ನ ಕನ್ನಡಕದ ಮುಂದೆ ಹಿಡಿದಳು. ಹೊಂಬಣ್ಣದ ಕೂದಲಿನ ಹೆಂಗಸೊಬ್ಬಳು ದಿಕ್ಕು ತೋಚದವಳಂತೆ ಎತ್ತಲೋ ನೋಡುತ್ತಿದ್ದಾಳೆ. ಅವಳ ಮುಖದ ಸುತ್ತ ಗಣಿತದ ಸೂತ್ರಗಳು ತೇಲುತ್ತಿವೆ. “ತಾತ, ನೀವು ಮ್ಯಾಥ್ಸ್ ಮೇಷ್ಟ್ರಲ್ವಾ? ಇದಕ್ಕೆ ನಗು ಬರೋ ಹಾಗೆ ಒಂದು ಸಾಲು ಬರೀರಿ” ಎಂದಳು.

ಮೊದಲು ನನ್ನ ಕಣ್ಣು ಹೋದದ್ದು ಸೂತ್ರಗಳ ಕಡೆಗೇ. ವೃತ್ತದ ವಿಸ್ತೀರ್ಣ, ಶಂಕುವಿನ ಘನಫಲ, 30 ಮತ್ತು 60 ಡಿಗ್ರಿಗಳ ತ್ರಿಭುಜ. ನಿಮ್ಮಲ್ಲಿ ಅನೇಕರಿಗೆ ನಾನೇ ಬಾಯಿಪಾಠ ಮಾಡಿಸಿದವು! ಆ ಹೆಂಗಸು ಬ್ರೆಜಿಲ್ ದೇಶದ ನಟಿ ರೆನಾಟಾ ಸೊರ್‍ರಾ ಎಂದು ಆಮೇಲೆ ತಿಳಿಯಿತು. 2004–05ರಲ್ಲಿ ಅಲ್ಲಿ ಪ್ರಸಾರವಾದ ‘ಸೆನ್ಯೋರಾ ದೊ ದೆಸ್ತಿನೊ’ ಎಂಬ ಧಾರಾವಾಹಿಯಲ್ಲಿ ಆಕೆ ನಜಾರೆ ಎಂಬ ದುಷ್ಟೆಯ ಪಾತ್ರ ವಹಿಸಿದ್ದರು. ಧಾರಾವಾಹಿಯಲ್ಲಿ ಈ ಸೂತ್ರಗಳಿರಲಿಲ್ಲ. ಅವುಗಳನ್ನು ಚಿತ್ರಕ್ಕೆ ಅಂಟಿಸಿದವರು ನಂತರದವರು. ಹೀಗೆ ಯಾರದೋ ಮುಖ, ಯಾರದೋ ಸೂತ್ರ, ಇನ್ಯಾರದೋ ಅಡಿಬರಹ ಸೇರಿ ಊರೂರು ಸುತ್ತುವ ಚಿತ್ರಕ್ಕೆ ‘ಮೀಮ್’ ಎಂದು ಹೆಸರು. ಆ ಶಬ್ದ ಮಾತ್ರ ಹಳೆಯದು. ಮನಸ್ಸಿನಿಂದ ಮನಸ್ಸಿಗೆ ಹರಡುತ್ತ ಹೋಗುವ ವಿಚಾರ, ರಾಗ, ರೂಢಿಗಳಿಗೆಲ್ಲ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ 1976ರಲ್ಲಿ ಕೊಟ್ಟ ಹೆಸರದು.

ನಾನು ಬಹಳ ಆಲೋಚಿಸಿ ಬರೆದೆ: “ದಿನನಿತ್ಯ ಅಭ್ಯಾಸ ಮಾಡದಿದ್ದರೆ ಪರೀಕ್ಷೆಯಲ್ಲಿ ಇದೇ ಗತಿ.” ಮೊಮ್ಮಗಳು ಹಣೆ ಚಚ್ಚಿಕೊಂಡಳು. “ತಾತ, ಇದು ಜೋಕಲ್ಲ, ಬೈಗುಳ!”

ಅವಳ ಬತ್ತಳಿಕೆಯಿಂದ ಬಂದದ್ದು ಇದು: “ಬಿಲ್ಲು 340 ರೂಪಾಯಿ. 500ರ ನೋಟು ಕೊಟ್ಟೆ. ‘40 ಚಿಲ್ಲರೆ ಕೊಡಿ, 200 ವಾಪಸ್ ಕೊಡ್ತೀನಿ’ ಅಂದ ಅಂಗಡಿಯವನ ಮುಂದೆ ನಾನು.” ನನಗೆ ನಗು ತಡೆಯಲಾಗಲಿಲ್ಲ. ಲೆಕ್ಕ ಸರಿಯಾಗಿಯೇ ಇದೆ. ಆದರೂ ಒಂದು ಕ್ಷಣ ತಲೆ ನಿಂತೇಹೋಗುತ್ತದೆ. ‘ಗೊಂದಲ’ ಎಂಬ ಶಬ್ದವನ್ನೇ ಅವಳು ಬಳಸಿರಲಿಲ್ಲ. ಸನ್ನಿವೇಶವನ್ನಷ್ಟೇ ಹೇಳಿ, ಉಳಿದದ್ದನ್ನು ಮುಖಕ್ಕೆ ಬಿಟ್ಟಿದ್ದಳು. ಮುಖ್ಯವಾಗಿ, ಸಾಲಿನ ಕೊನೆಯಲ್ಲಿ ‘ನಾನು’ ಇತ್ತು. ನನ್ನ ಸಾಲಿನಲ್ಲಿ ಇದ್ದದ್ದು ‘ನೀನು’.

ನಮ್ಮ ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್ ಅವರ ‘ಶ್ರೀಸಾಮಾನ್ಯ’ ಆಗ ನೆನಪಾದ. ಚೌಕಳಿ ಕೋಟು ತೊಟ್ಟ ಆ ಮನುಷ್ಯ ಬಾಯಿ ಬಿಡದೆ ಬೆರಗಾಗಿ ನಿಂತಿರುತ್ತಿದ್ದ. ಅಡಿಬರಹದ ಮಾತೆಲ್ಲ ಬೇರೆಯವರದು. ಆದರೂ ಅವನನ್ನು ನೋಡಿ ಯಾರೂ ನಗಲಿಲ್ಲ. ಅವನ ಜೊತೆ ನಿಂತು ನಕ್ಕರು.

ಮೊಮ್ಮಗಳು ಎರಡನೆಯ ಸಾಲು ಓದಿದಳು: “ಮದುವೆ ಮನೆಯಲ್ಲಿ ‘ನಾನು ಯಾರು ಗೊತ್ತಾಯ್ತಾ?’ ಅಂತ ಕೇಳಿದವರ ಮುಂದೆ ನಾನು.” ಅವಳು ಬಿದ್ದು ಬಿದ್ದು ನಕ್ಕಳು. ಈ ಸಲ ನಾನು ನಗಲಿಲ್ಲ.

2014ರಲ್ಲಿ ಒಂದು ಮದುವೆಯ ಊಟದ ಪಂಕ್ತಿಯಿಂದೆದ್ದು ಕೈತೊಳೆಯಲು ಹೋದಾಗ ಒಬ್ಬ ಗೃಹಸ್ಥರು ಅದೇ ಪ್ರಶ್ನೆ ಕೇಳಿದ್ದರು. ನಾನು ಪೆಚ್ಚುಪೆಚ್ಚಾಗಿ ನಿಂತೆ. ಅವರು ಮುಗುಳ್ನಗುತ್ತ ನೆನಪಿಸಿದರು: “ಸಂತೇಲಿ ಕಳೆದ ಕರು, ಸಾರ್.”

ಇಪ್ಪತ್ತೆರಡು ವರ್ಷ ಹಿಂದಿನ ಎಂಟನೆಯ ತರಗತಿ ಕಣ್ಣಮುಂದೆ ಬಂತು. ಕರಿಹಲಗೆಯ ಮುಂದೆ ಒಬ್ಬ ಹುಡುಗ ಸೀಮೆಸುಣ್ಣ ಹಿಡಿದು ನಿಂತಿದ್ದ. “ಸಾರ್, ಮೈನಸ್ಸನ್ನ ಮೈನಸ್ಸಿಂದ ಗುಣಿಸಿದ್ರೆ ಪ್ಲಸ್ ಯಾಕಾಗುತ್ತೆ?” ಎಂದು ಕೇಳಿದ. ನಿಯಮ ಹಾಗಿದೆ ಎಂದೆ. ಅವನ ಮುಖದ ಗೊಂದಲ ಹೋಗಲಿಲ್ಲ. ಪಾಠ ಮುಗಿಸುವ ಅವಸರ ನನಗೆ. “ನೋಡ್ರೋ, ಸಂತೇಲಿ ಕಳೆದ ಕರು ನಿಂತ ಹಾಗೆ ನಿಂತಿದ್ದಾನೆ” ಎಂದುಬಿಟ್ಟೆ. ತರಗತಿ ಗೊಳ್ಳೆಂದಿತು. ನನಗೂ ನನ್ನ ಹಾಸ್ಯಪ್ರಜ್ಞೆಯ ಬಗ್ಗೆ ಹೆಮ್ಮೆಯಾಯಿತು. ಮರುದಿನದಿಂದ ಶಾಲೆಗೆಲ್ಲ ಅವನು ‘ಕರು’. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಅವನು ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಅದನ್ನು ನಾನು ಆಗ ಗಮನಿಸಲೂ ಇಲ್ಲ.

ಮೊಬೈಲು ಇಲ್ಲದ ಆ ಕಾಲದಲ್ಲಿಯೇ ನಾನೊಂದು ಮೀಮ್ ತಯಾರಿಸಿದ್ದೆ. ಬಾಯಿಂದ ಬಾಯಿಗೆ ಹರಡಿ ಅದು ಅವನಿಗಿಂತ ಗಟ್ಟಿಯಾಗಿ ಬೆಳೆಯಿತು. ಮದುವೆ ಮನೆಯಲ್ಲಿ ತನ್ನ ನಿಜವಾದ ಹೆಸರು ಹೇಳಿದರೆ ಮೇಷ್ಟ್ರಿಗೆ ಗುರುತು ಸಿಗದು ಎಂದು ಅವನಿಗೆ ಅನ್ನಿಸಿತಲ್ಲ, ಅದೇ ನನಗಾದ ಶಿಕ್ಷೆ. ಅಂದು ಕ್ಷಮೆ ಕೇಳಲು ಬಾಯಿ ಬರಲಿಲ್ಲ. ನಕ್ಕು, ಮಕ್ಕಳೆಷ್ಟು ಎಂದು ವಿಚಾರಿಸಿ ಬಂದುಬಿಟ್ಟೆ.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಆ ಪ್ರಶ್ನೆಗೆ ಉತ್ತರ ಏನು ತಾತ?” ಎಂದಳು. ಅವಳಿಗೆ ಹೇಳಿದ್ದನ್ನೇ, ಆ ಶಿಷ್ಯ ಓದುತ್ತಿರಬಹುದು ಎಂಬ ಆಸೆಯಿಂದ, ಇಲ್ಲಿ ಬರೆಯುತ್ತೇನೆ.

ಮೈನಸ್ 2ನ್ನು 3ರಿಂದ ಗುಣಿಸು, ಮೈನಸ್ 6 ಬರುತ್ತದೆ. 2ರಿಂದ ಗುಣಿಸಿದರೆ ಮೈನಸ್ 4. 1ರಿಂದ ಗುಣಿಸಿದರೆ ಮೈನಸ್ 2. ಸೊನ್ನೆಯಿಂದ ಗುಣಿಸಿದರೆ ಸೊನ್ನೆ. ಗುಣಿಸುವ ಸಂಖ್ಯೆ ಒಂದೊಂದು ಮೆಟ್ಟಿಲು ಇಳಿದಂತೆ ಉತ್ತರ ಎರಡೆರಡು ಏರುತ್ತಿದೆ, ನೋಡು. ಇನ್ನೂ ಒಂದು ಮೆಟ್ಟಿಲು ಇಳಿದರೆ ಮೈನಸ್ 1. ಉತ್ತರವೂ ಮತ್ತೆ ಎರಡು ಏರಲೇಬೇಕು: ಪ್ಲಸ್ 2.

ಇಷ್ಟು ಹೇಳಲು ಎರಡು ನಿಮಿಷವೂ ಬೇಕಾಗಿರಲಿಲ್ಲ, ಮಗು. ನಿನ್ನ ಪ್ರಶ್ನೆ ಸರಿಯಾಗಿಯೇ ಇತ್ತು. ಅಂದು ಉತ್ತರ ತಿಳಿಯದೆ ನಿಂತಿದ್ದವನು ನಾನು.